ತೈವಾನ್‌ನ ಮಕ್ಕಳ ಬೇಸ್‌ಬಾಲ್: 28 ವರ್ಷದಲ್ಲಿ 17 ಕಪ್, ಆಮೇಲೆ 29 ವರ್ಷ ಬರಿಗೈ. ಯಾಕೆ?

ಶಿಂಚು ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ತೈವಾನ್‌ನ ಶಿಂಚುವಿನಲ್ಲಿ. ಇದು ಚಿಪ್ ಕಂಪನಿಗಳ ಊರು, ನಮ್ಮ ಕಡೆಯ ಇಂಜಿನಿಯರ್‌ಗಳೂ ಒಂದಷ್ಟು ಜನ ಇದ್ದೇವೆ.

2025ರ ಆಗಸ್ಟ್‌ನಲ್ಲಿ ಅಮೆರಿಕದ ವಿಲಿಯಮ್ಸ್‌ಪೋರ್ಟ್‌ನಲ್ಲಿ ತೈಪೆಯ ತುಂಗ್-ಯುವಾನ್ ತಂಡದ ಹುಡುಗರು ಲಿಟಲ್ ಲೀಗ್ ವಿಶ್ವ ಸರಣಿ ಗೆದ್ದರು. 12 ವರ್ಷದೊಳಗಿನ ಮಕ್ಕಳ ಬೇಸ್‌ಬಾಲ್‌ಗೆ ಅದಕ್ಕಿಂತ ದೊಡ್ಡ ಪಂದ್ಯಾವಳಿ ಇಲ್ಲ. ಫೈನಲ್‌ನಲ್ಲಿ ನೆವಾಡಾ ತಂಡದ ಮೇಲೆ 7-0. ಇಲ್ಲಿ ಆಗ ಬೆಳಗಿನ ಜಾವ. ಅಷ್ಟು ಹೊತ್ತಿನಲ್ಲೂ ಜನ ಎದ್ದು ಟಿವಿ ಮುಂದೆ ಕೂತಿದ್ದರು.

ಇದು ತೈವಾನ್‌ಗೆ 18ನೇ ಕಪ್. ಆದರೆ 17ನೆಯದು ಬಂದದ್ದು ಯಾವಾಗ ಗೊತ್ತಾ? 1996ರಲ್ಲಿ. 1969ರಿಂದ 1996ರವರೆಗೆ 17 ಸಲ ಗೆದ್ದವರು ಆಮೇಲೆ 29 ವರ್ಷ ಒಂದೂ ಗೆಲ್ಲಲಿಲ್ಲ.

ಹಾಗಂತ ಆಟ ಸತ್ತುಹೋಗಿತ್ತಾ? ಇಲ್ಲಿ ನೋಡಿದರೆ ಹಾಗನ್ನಿಸುವುದಿಲ್ಲ. ಇಲ್ಲಿನ 500ರ ನೋಟು ತೆಗೆದು ನೋಡಿ. ಒಂದು ಕಡೆ ಚುಕ್ಕೆ ಜಿಂಕೆಗಳು. ಇನ್ನೊಂದು ಕಡೆ ಶಾಲಾ ಹುಡುಗರ ಬೇಸ್‌ಬಾಲ್ ತಂಡ, ಗೆದ್ದ ಖುಷಿಗೆ ಟೋಪಿ ಮೇಲಕ್ಕೆ ಹಾರಿಸುತ್ತಿದೆ. ರಾಜನಲ್ಲ, ಅಧ್ಯಕ್ಷನಲ್ಲ. ತೈತುಂಗ್ ಜಿಲ್ಲೆಯ ನಾನ್‌ವಾಂಗ್ ಅನ್ನುವ ಪ್ರಾಥಮಿಕ ಶಾಲೆಯ ಮಕ್ಕಳು. ದಿನಾ ತರಕಾರಿ ಅಂಗಡಿಯಲ್ಲಿ ಕೈ ಬದಲಾಗುವ ನೋಟಿನ ಮೇಲೆ!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಪ್ ಬರದ ಆ ವರ್ಷಗಳಲ್ಲೇ ಇಲ್ಲಿ ಮಕ್ಕಳ ಆಟ ನಿಜವಾಗಿ ಬೆಳೆಯಿತು. ಬಲ್ಲವರು ಸೇರಿಸಿ, ಒಪ್ಪದಿದ್ದರೆ ಹೇಳಿ.

ಹಳೇ ಸ್ಕೋರ್‌ಬುಕ್

ಒಳ್ಳೆ ವಿಷಯ ತೆಗೆದಿರಿ ಸರ್. ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ತೈವಾನ್‌ಗೆ ಈ ಆಟ ತಂದವರು ಅಮೆರಿಕದವರಲ್ಲ, ಜಪಾನೀಯರು. 1895ರಿಂದ 1945ರವರೆಗೆ ದ್ವೀಪ ಅವರ ಕೈಯಲ್ಲಿತ್ತು. ಮೊದಮೊದಲು ಜಪಾನಿ ನೌಕರರು, ಅವರ ಮಕ್ಕಳು ಮಾತ್ರ ಆಡುತ್ತಿದ್ದರು. ಆಮೇಲೆ ಶಾಲೆಗಳ ಮೂಲಕ ಊರವರಿಗೂ ಬಂತು. 1931ರಲ್ಲಿ ಚಿಯಾಯಿ ಊರಿನ ಕೃಷಿ ಶಾಲೆಯ ತಂಡ ಜಪಾನ್‌ನ ಕೋಶಿಯೆನ್ ಹೈಸ್ಕೂಲ್ ಟೂರ್ನಿಯ ಫೈನಲ್ ತನಕ ಹೋಯಿತು. ತಂಡದ ಹೆಸರು ಕಾನೋ. ಜಪಾನೀಯರು, ಹಾನ್ ಚೀನೀಯರು, ದ್ವೀಪದ ಮೂಲನಿವಾಸಿಗಳು, ಮೂರೂ ಕಡೆಯ ಹುಡುಗರು ಒಂದೇ ತಂಡದಲ್ಲಿದ್ದರು. ಫೈನಲ್‌ನಲ್ಲಿ 4-0ಯಿಂದ ಸೋತರು. ಆದರೂ ಆ ಹೆಸರು ಇವತ್ತಿಗೂ ಉಳಿದಿದೆ.

ಯುದ್ಧದ ನಂತರ ಚೀನಾದಿಂದ ಬಂದ ಕ್ವೊಮಿಂಟಾಂಗ್ ಸರ್ಕಾರಕ್ಕೆ ಈ ಆಟದ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ. ಜಪಾನಿಯರ ಆಟ ಅಂತ ನೋಡುತ್ತಿದ್ದರು. ಅವರಿಗೆ ಬ್ಯಾಸ್ಕೆಟ್‌ಬಾಲ್ ಹತ್ತಿರ. ಬೇಸ್‌ಬಾಲ್ ಉಳಿದದ್ದು ಊರಿನ ಜನರಿಂದ, ಮೇಷ್ಟ್ರುಗಳಿಂದ.

ಆಮೇಲೆ ಬಂತು 1968. ತೈತುಂಗ್‌ನ ಬೆಟ್ಟದ ನಡುವೆ ಹೊಂಗ್‌ಯೆ ಅಂತ ಬುನುನ್ ಬುಡಕಟ್ಟಿನ ಹಳ್ಳಿ. ಅಲ್ಲಿನ ಬಡ ಶಾಲೆಯ ಮಕ್ಕಳು ಕೋಲು ಬ್ಯಾಟ್ ಮಾಡಿಕೊಂಡು, ಕಲ್ಲು ಚೆಂಡು ಮಾಡಿಕೊಂಡು ಕಲಿತರು ಅನ್ನುತ್ತಾರೆ. ಆ ವರ್ಷ ಆಗಸ್ಟ್‌ನಲ್ಲಿ ತೈಪೆಗೆ ಬಂದ ಜಪಾನಿನ ಹುಡುಗರ ತಂಡವನ್ನು 7-0ಯಿಂದ ಸೋಲಿಸಿದರು. ದೇಶವೇ ಹುಚ್ಚೆದ್ದಿತು. ಮರುವರ್ಷ ತೈಚುಂಗ್‌ನ ಗೋಲ್ಡನ್ ಡ್ರ್ಯಾಗನ್ಸ್ ತಂಡ ವಿಲಿಯಮ್ಸ್‌ಪೋರ್ಟ್‌ಗೆ ಹೋಗಿ, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ತಂಡವನ್ನು 5-0ಯಿಂದ ಹೊಡೆದು ಮೊದಲ ಕಪ್ ತಂದಿತು. ಅಲ್ಲಿಂದ ಆಗಸ್ಟ್ ಬಂತೆಂದರೆ ರಾತ್ರಿ ಎದ್ದು ಪಂದ್ಯ ನೋಡುವುದು ಪದ್ಧತಿಯೇ ಆಯಿತು.

ಪಿಟಿ ಮೇಷ್ಟ್ರು

ನಾನು ಸರ್ಕಾರಿ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಕೋಲು, ಕಲ್ಲಿನ ಕಥೆ ಕೇಳಲು ಚೆನ್ನಾಗಿದೆ. ಆದರೆ ಹೊಂಗ್‌ಯೆ ತಂಡದ ವಯಸ್ಸಿನ ವಿಚಾರದಲ್ಲಿ ಗಲಾಟೆ ಆಗಿತ್ತು ಅಂತ ಎಲ್ಲೋ ಓದಿದ ನೆನಪು. ನಿಜವಾ?

ಹಳೇ ಸ್ಕೋರ್‌ಬುಕ್

ನಿಜ ಮೇಷ್ಟ್ರೇ. ಕೆಲವು ಹುಡುಗರಿಗೆ ವಯಸ್ಸು ದಾಟಿತ್ತು. ಬೇರೆ ಹುಡುಗರ ಹೆಸರಿನಲ್ಲಿ ಅವರನ್ನು ಆಡಿಸಿದ್ದರು. ಮರುವರ್ಷ ಕೋರ್ಟಿಗೆ ಹೋಗಿ, ಶಾಲೆಯ ಮುಖ್ಯಸ್ಥರಿಗೂ ತರಬೇತುದಾರರಿಗೂ ಶಿಕ್ಷೆ ಆಯಿತು.

ಮಕ್ಕಳ ಪಾಡು ಇನ್ನೂ ಬೇಸರದ್ದು. ಮೆರವಣಿಗೆ ಮುಗಿಯಿತು, ಕೈ ಹಿಡಿಯುವವರು ಯಾರೂ ಇರಲಿಲ್ಲ. ಬೇಸ್‌ಬಾಲ್‌ನಲ್ಲಿ ಮುಂದಕ್ಕೆ ಹೋಗಲು ದಾರಿಯೇ ಇರಲಿಲ್ಲ. ಬಹುಪಾಲು ಹುಡುಗರು ಕೂಲಿನಾಲಿಗೆ ಹೋದರು. ಹಲವರು ನಡುವಯಸ್ಸಿಗೆ ಮೊದಲೇ ತೀರಿಕೊಂಡರು. ಇಡೀ ದೇಶಕ್ಕೆ ಒಂದು ಆಟದ ಆಸೆ ಹಚ್ಚಿದ ಹುಡುಗರಿಗೆ ಸಿಕ್ಕಿದ್ದು ಇಷ್ಟೇ. ನನಗೆ ಈ ಕಥೆಯಲ್ಲಿ ಕಪ್ಪಿಗಿಂತ ಇದೇ ಜಾಸ್ತಿ ಕಾಡುತ್ತದೆ.

ಮೂರನೇ ಬೇಸ್

ಕ್ಯಾಲಿಫೋರ್ನಿಯಾದಿಂದ. ಮಗ ಲಿಟಲ್ ಲೀಗ್ ಆಡುತ್ತಾನೆ, ಶನಿವಾರ ನಾನೂ ಮೈದಾನಕ್ಕೆ ಗೆರೆ ಎಳೆಯುವುದು, ಸ್ಕೋರ್ ಬರೆಯುವುದು ಮಾಡುತ್ತೇನೆ. ಇಲ್ಲಿನ ಹಳಬರಿಗೆ ತೈವಾನ್ ಅಂದರೆ ಇವತ್ತಿಗೂ ಒಂದು ಗೌರವ, ಒಂದು ಮುನಿಸು, ಎರಡೂ ಇದೆ.

1971ರ ಫೈನಲ್ ಬಗ್ಗೆ ಕೇಳಿ. ಒಂದು ಕಡೆ ತೈವಾನ್‌ನ ತೈನಾನ್ ಊರು, ಇನ್ನೊಂದು ಕಡೆ ಇಂಡಿಯಾನಾದ ಗ್ಯಾರಿ ಊರು. ಗ್ಯಾರಿ ತಂಡದಲ್ಲಿ ಲಾಯ್ಡ್ ಮೆಕ್ಲೆಂಡನ್ ಅನ್ನುವ ಹುಡುಗ. ಆ ಟೂರ್ನಿಯಲ್ಲಿ ಅವನು ಬ್ಯಾಟ್ ಬೀಸಿದ್ದು ಐದೇ ಸಲ, ಐದೂ ಹೋಮ್ ರನ್, ಅಂದರೆ ಕ್ರಿಕೆಟ್ಟಿನ ಸಿಕ್ಸರ್ ಥರ! ಉಳಿದಂತೆ ಎದುರಾಳಿಗಳು ಅವನಿಗೆ ಹೊಡೆಯಲು ಚೆಂಡನ್ನೇ ಕೊಡದೆ, ಪುಕ್ಕಟೆಯಾಗಿ ಮೊದಲ ಬೇಸ್‌ಗೆ (ಓಡಿ ಮುಟ್ಟಬೇಕಾದ ಮೂಲೆಗೆ) ನಡೆಸಿಬಿಟ್ಟರು. ಮಕ್ಕಳ ಪಂದ್ಯ ಆರೇ ಇನ್ನಿಂಗ್ಸ್. ಅವತ್ತು ಒಂಬತ್ತಕ್ಕೆ ಹೋಯಿತು. ತೈನಾನ್‌ನ ಪಿಚರ್ (ಚೆಂಡು ಎಸೆಯುವವ) ಹ್ಸು ಚಿನ್-ಮು ಒಬ್ಬನೇ 22 ಸಲ ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಹೊಡೆಯಲು ಬಿಡದೆ ಬರೀ ಎಸೆತದಲ್ಲೇ ಔಟ್. ಒಂಬತ್ತನೆಯದರಲ್ಲಿ ತೈನಾನ್ 9 ರನ್ ಬಾಚಿ 12-3ರಿಂದ ಗೆದ್ದಿತು. ಮೆಕ್ಲೆಂಡನ್ ಆಮೇಲೆ ಅಮೆರಿಕದ ದೊಡ್ಡ ವೃತ್ತಿಪರ ಪಂದ್ಯಾವಳಿಯಾದ ಮೇಜರ್ ಲೀಗ್ ಆಡಿ, ಪಿಟ್ಸ್‌ಬರ್ಗ್ ತಂಡದ ಮ್ಯಾನೇಜರ್ ಕೂಡ ಆದರು.

1973ರಲ್ಲಿ ತೈನಾನ್ ಮೂರು ಪಂದ್ಯ ಆಡಿ ಒಟ್ಟು 57 ರನ್ ಹೊಡೆಯಿತು. ಎದುರಾಳಿಗಳಿಗೆ ಒಂದು ರನ್ ಇಲ್ಲ. ರನ್ ಬಿಡಿ, ಒಂದು ಹಿಟ್ (ಹೊಡೆದು ಬೇಸ್ ಮುಟ್ಟುವುದು) ಕೂಡ ಇಲ್ಲ! 1974ರಲ್ಲಿ ಚಿಕ್ಕವರು, ನಡುವಿನವರು, ದೊಡ್ಡ ಹುಡುಗರು, ಮೂರೂ ವಯಸ್ಸಿನ ಕಪ್ ತೈವಾನ್‌ಗೆ ಹೋಯಿತು. ಆಮೇಲೆ ಲಿಟಲ್ ಲೀಗ್‌ನವರು 1975ಕ್ಕೆ ಹೊರದೇಶದ ತಂಡಗಳನ್ನೇ ಸೇರಿಸಲಿಲ್ಲ. ಜನ ಛೀಮಾರಿ ಹಾಕಿದರು. 1976ರಲ್ಲಿ ವಾಪಸ್ ಕರೆದರು, ಆದರೆ ಅಮೆರಿಕದ ತಂಡಗಳನ್ನು ಒಂದು ಕಡೆ, ಹೊರಗಿನವನ್ನು ಇನ್ನೊಂದು ಕಡೆ ಮಾಡಿದರು. ಫೈನಲ್‌ನಲ್ಲಿ ಅಮೆರಿಕದ್ದೊಂದು ತಂಡ ಇದ್ದೇ ಇರುತ್ತದೆ ಅಂತ. ಆ ಪದ್ಧತಿ ಈಗಲೂ ಇದೆ.

ಇಲ್ಲಿನವರ ದೂರು ಪೂರ್ತಿ ಸುಳ್ಳೂ ಅಲ್ಲ. ಲಿಟಲ್ ಲೀಗ್ ಅಂದರೆ ಒಂದು ಬಡಾವಣೆಯ ಮಕ್ಕಳು ಸಂಜೆ ಹೊತ್ತು ಆಡುವ ಆಟ. ಅಪ್ಪಂದಿರೇ ಕೋಚ್. ಅಲ್ಲಿ ಬೇರೆ ಬೇರೆ ಊರಿನಿಂದ ಆಯ್ದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿ ವರ್ಷವಿಡೀ ತಯಾರು ಮಾಡುತ್ತಿದ್ದರೆ ಇವರಿಗೆ ಹೇಗೆ ಸಾಟಿ ಬರುತ್ತದೆ?

ಶಿಂಚು ಕನ್ನಡಿಗ

ಮೂರನೇ ಬೇಸ್ ಅವರೇ, ನಾನು ಹೇಳಬೇಕೆಂದಿದ್ದ ಜಾಗಕ್ಕೇ ಬಂದಿರಿ.

ಆಗಿನ ಕಾಲ ಸ್ವಲ್ಪ ನೆನಪಿಸಿಕೊಳ್ಳಿ. 1971ರಲ್ಲಿ ತೈವಾನ್ ವಿಶ್ವಸಂಸ್ಥೆಯ ಸ್ಥಾನ ಕಳೆದುಕೊಂಡಿತು. ಒಂದೊಂದೇ ದೇಶ ಬೀಜಿಂಗ್ ಕಡೆ ಹೋಯಿತು, 1979ಕ್ಕೆ ಅಮೆರಿಕವೂ ಹೋಯಿತು. ಎಲ್ಲ ಕಡೆ ಬಾಗಿಲು ಮುಚ್ಚುತ್ತಿದ್ದಾಗ ಗೆದ್ದು ಬರುತ್ತಿದ್ದವರು ಈ ಹುಡುಗರು ಮಾತ್ರ. ಮೊದಲು ಆಟದ ಕಡೆ ತಿರುಗಿಯೂ ನೋಡದ ಸರ್ಕಾರ ಈಗ ಅವರನ್ನು ಹೊತ್ತು ಮೆರೆಸಿತು. ವಿಲಿಯಮ್ಸ್‌ಪೋರ್ಟ್‌ನ ಸ್ಟ್ಯಾಂಡಿನಲ್ಲೂ ರಾಜಕೀಯ. ಸರ್ಕಾರದ ಪರದವರು ಒಂದು ಕಡೆ, ಸ್ವತಂತ್ರ ತೈವಾನ್ ಬೇಕೆನ್ನುವವರು ಇನ್ನೊಂದು ಕಡೆ, ಕೈ ಕೈ ಮಿಲಾಯಿಸುವ ತನಕ ಹೋಗಿತ್ತು. ಸ್ವತಂತ್ರ ತೈವಾನ್ ಬರಹ ಕಟ್ಟಿಕೊಂಡು ಮೈದಾನದ ಮೇಲೆ ವಿಮಾನವೂ ಹಾರಿತು.

ಇಷ್ಟೆಲ್ಲ ಭಾರ ಯಾರ ತಲೆ ಮೇಲೆ? ಹನ್ನೆರಡು ವರ್ಷದ ಮಕ್ಕಳ ತಲೆ ಮೇಲೆ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಅಭ್ಯಾಸ, ಪಾಠ ಹೆಸರಿಗೆ ಮಾತ್ರ. ತಪ್ಪಿದರೆ ಬೈಗುಳ, ಏಟು. ಒಂದೇ ಹುಡುಗನಿಂದ ಮೇಲಿಂದ ಮೇಲೆ ಪಿಚ್ ಮಾಡಿಸಿ ತೋಳು ಕೆಡಿಸುವುದು. ತಂಡ ಇದ್ದ ಶಾಲೆಯಲ್ಲಿ ಹತ್ತು ಹದಿನೈದು ಮಕ್ಕಳಿಗೆ ಎಲ್ಲವೂ, ಉಳಿದ ನೂರಾರು ಮಕ್ಕಳಿಗೆ ಚಪ್ಪಾಳೆ ತಟ್ಟುವ ಕೆಲಸ. ಇದನ್ನು ಬೆಳವಣಿಗೆ ಅಂತ ನನಗೆ ಕರೆಯಲಾಗುವುದಿಲ್ಲ.

ತಂಡದ ಮಕ್ಕಳು ಎಲ್ಲಿಂದ ಬರಬೇಕು ಅನ್ನುವ ನಿಯಮವನ್ನು ಲಿಟಲ್ ಲೀಗ್ ಬಿಗಿ ಮಾಡಿತು. ಇಲ್ಲಿನ ಶಾಲಾ ಪದ್ಧತಿ ಅದಕ್ಕೆ ಹೊಂದಲಿಲ್ಲ. 1997ರಲ್ಲಿ ತೈವಾನ್ ಲಿಟಲ್ ಲೀಗ್‌ನಿಂದಲೇ ಹೊರಬಂತು. ಮತ್ತೆ ಸೇರಿದ್ದು ಕೆಲವು ವರ್ಷ ಆದಮೇಲೆ. ಅದೇ ಹೊತ್ತಿಗೆ, 1990ರಲ್ಲಿ ಶುರುವಾಗಿದ್ದ ವೃತ್ತಿಪರ ಲೀಗ್‌ನಲ್ಲಿ ಜೂಜುಕೋರರ ಜೊತೆ ಸೇರಿ ಪಂದ್ಯ ಮಾರಿಕೊಂಡ ಹಗರಣ ಬಯಲಾಯಿತು. ಮುಂದೆ ಹತ್ತು ಹನ್ನೆರಡು ವರ್ಷ ಅಂಥವೇ ಮತ್ತೆ ಮತ್ತೆ ಬಂದವು. ಮಗನನ್ನು ಬೇಸ್‌ಬಾಲ್‌ಗೆ ಕಳಿಸಲು ಅಪ್ಪ ಅಮ್ಮಂದಿರಿಗೆ ಮನಸ್ಸೇ ಬರಲಿಲ್ಲ.

ಇಬ್ಬರು ಮಕ್ಕಳ ಅಮ್ಮ

ಅಣ್ಣಾ, ನಾವು ತೈಪೆಗೆ ಬಂದು ಇನ್ನೂ ಜಾಸ್ತಿ ದಿನ ಆಗಿಲ್ಲ. ಮಗಳಿಗೆ ಒಂಬತ್ತು. ಇಷ್ಟು ಹೊತ್ತು ಬರೀ ಹುಡುಗರು ಹುಡುಗರು ಅಂತಲೇ ಬರೆದಿದ್ದೀರಿ. ಹುಡುಗಿಯರು ಆಡುವುದಿಲ್ವಾ? ಅವಳ ಶಾಲೆಯಲ್ಲಿ ಪಿಟಿ ಪೀರಿಯಡ್‌ನಲ್ಲಿ ಸ್ಪಂಜಿನ ಬ್ಯಾಟ್ ಹಿಡಿದು ಏನೋ ಆಡಿಸುತ್ತಾರೆ. ಅದೂ ಬೇಸ್‌ಬಾಲೇನಾ?

ಶಿಂಚು ಕನ್ನಡಿಗ

ಅದೇ ಅಕ್ಕಾ, ನಾನು ಹೇಳಬೇಕೆಂದಿದ್ದ ಬದಲಾವಣೆ ಅದೇ! ಇಲ್ಲಿ ಅದಕ್ಕೆ ಲೆಲೆ ಬೇಸ್‌ಬಾಲ್ ಅನ್ನುತ್ತಾರೆ. ಸೊಂಟದೆತ್ತರದ ರಬ್ಬರ್ ಕಂಬ ನೆಡುತ್ತಾರೆ. ಅದರ ತುದಿಯಲ್ಲಿ ಮೆತ್ತನೆಯ ದೊಡ್ಡ ಚೆಂಡು. ಬ್ಯಾಟಿಗೂ ಸ್ಪಂಜಿನ ಹೊದಿಕೆ. ಪಿಚರ್ ಇಲ್ಲ. ನಿಂತ ಚೆಂಡಿಗೆ ಹೊಡೆದು ಓಡುವುದು, ಅಷ್ಟೇ. ಗ್ಲೌಸ್ ಬೇಡ, ಹೆಲ್ಮೆಟ್ ಬೇಡ. ಬರಿಗೈಯಲ್ಲಿ ಹಿಡಿದರೂ ನೋಯುವುದಿಲ್ಲ.

ನಾನು ಕಿಟಕಿಯಿಂದ ದಿನಾ ನೋಡುವ ಶಾಲೆಯ ಅಂಗಳದಲ್ಲಿ ಇಡೀ ತರಗತಿ ಆಡುತ್ತದೆ. ಹುಡುಗಿಯರು, ಹುಡುಗರು ಒಟ್ಟಿಗೆ. ದಪ್ಪಗಿರುವವನು, ಕನ್ನಡಕದವಳು, ಓಡಲು ಬೇಸರ ಪಡುವವನು, ಎಲ್ಲರ ಪಾಳಿಯೂ ಬರುತ್ತದೆ. ಒಬ್ಬಳು ಮೊದಲ ಹೊಡೆತದಲ್ಲಿ ಚೆಂಡು ಬಿಟ್ಟು ಕಂಬಕ್ಕೇ ಹೊಡೆದಳು. ಕಂಬ ಬಾಗಿತು, ಚೆಂಡು ಕಾಲ ಬಳಿ ಬಿತ್ತು. ಮೇಷ್ಟ್ರು ಚೆಂಡೆತ್ತಿ ಮತ್ತೆ ಇಟ್ಟರು, ಅವಳ ಎಡಗಾಲನ್ನು ಸ್ವಲ್ಪ ಮುಂದಕ್ಕೆ ಇಡಿಸಿದರು. ಎರಡನೆಯದು ಹುಡುಗರ ತಲೆ ಮೇಲಿಂದ ಹೋಯಿತು. ತರಗತಿ ತರಗತಿಗಳ ನಡುವೆ ಪಂದ್ಯ, ಅದರ ಮೇಲೆ ಜಿಲ್ಲೆ, ಅದರ ಮೇಲೆ ರಾಷ್ಟ್ರ ಮಟ್ಟ ಕೂಡ ಇದೆ.

ಇಷ್ಟವಾದ ಮಕ್ಕಳಿಗೆ ವಾರಾಂತ್ಯದ ಬಡಾವಣೆ ಕ್ಲಬ್‌ಗಳಿವೆ. ಫೀಸು ಕಟ್ಟಬೇಕು. ಪಾಠ ಬಿಡುವಂತಿಲ್ಲ. ಚಿಪ್ ಕಂಪನಿ ಇಂಜಿನಿಯರ್‌ಗಳ ಮಕ್ಕಳೂ ಭಾನುವಾರ ಹೋಗುತ್ತಾರೆ. ಹಳೇ ಕಾಲದಲ್ಲಿ ಇದು ಊಹೆಗೂ ಸಿಗದ ಮಾತು.

ಮೂರನೇ ಬೇಸ್

ಹುಡುಗಿಯರ ವಿಷಯ ಬಂದದ್ದಕ್ಕೆ ಒಂದು ಮಾತು. ಲಿಟಲ್ ಲೀಗ್ ಶುರುವಾದದ್ದು 1939ರಲ್ಲಿ. ಹುಡುಗಿಯರಿಗೆ ಬಾಗಿಲು ತೆರೆದದ್ದು 1974ರಲ್ಲಿ. ಅದೂ ನ್ಯೂಜೆರ್ಸಿಯ ಮರಿಯಾ ಪೆಪೆ ಅನ್ನುವ ಹುಡುಗಿಯ ಪರವಾಗಿ ಹೋರಾಟ ನಡೆದು, ಕೋರ್ಟು ಹೇಳಿದ ಮೇಲೆ. ನಿಮ್ಮ ಮಗಳನ್ನು ಕಳಿಸಿ ಅಕ್ಕಾ.

ಕೊಡಗಿನ ಕೂಸು

ಈ ಇಡೀ ತರಗತಿ ಆಡುವ ವಿಚಾರ ಓದಿ ನಮ್ಮೂರಿನ ಹಾಕಿ ನೆನಪಾಯಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬ ಹಾಕಿ ಶುರು ಮಾಡಿದರು. ಒಂದೊಂದು ಒಕ್ಕಕ್ಕೆ (ಮನೆತನಕ್ಕೆ) ಒಂದೊಂದು ತಂಡ. ಅಜ್ಜನೂ ಆಡಬಹುದು, ಸೊಸೆಯೂ ಆಡಬಹುದು, ಸ್ಕೂಲ್ ಹುಡುಗನೂ ಆಡಬಹುದು. ದೇಶಕ್ಕೆ ಆಡುವವರು ಅದರ ಪಕ್ಕದಲ್ಲೇ ತಯಾರಾಗುತ್ತಾರೆ. ಎಲ್ಲರೂ ಸ್ಟಿಕ್ ಹಿಡಿದ ಊರಿನಲ್ಲಿ ಒಳ್ಳೆಯವರು ಸಿಕ್ಕೇ ಸಿಗುತ್ತಾರೆ.

ಪಿಟಿ ಮೇಷ್ಟ್ರು

ಶಿಂಚು ಸರ್, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ಫೀಸು ಕಟ್ಟಿ ಭಾನುವಾರ ಆಡುವ ಕ್ಲಬ್ ಒಳ್ಳೆಯದೇ. ಆದರೆ ಬೆಟ್ಟದ ಹಳ್ಳಿಯ ಮಗು ಎಲ್ಲಿಂದ ಫೀಸು ತರುತ್ತದೆ? ನನ್ನ ಶಾಲೆಯ ಮಕ್ಕಳನ್ನೇ ನೋಡಿ ಹೇಳುತ್ತಿದ್ದೇನೆ. ಹಾಸ್ಟೆಲ್, ಎರಡು ಹೊತ್ತಿನ ಊಟ, ಕಾಲಿಗೆ ಶೂ, ಮುಂದೆ ಕಾಲೇಜಿಗೆ ಕ್ರೀಡಾ ಕೋಟಾ, ಇಷ್ಟು ಸಿಗುತ್ತದೆ ಅಂದರೆ ಕಷ್ಟದ ತರಬೇತಿಗೂ ಬಡ ಅಪ್ಪ ಅಮ್ಮ ಒಪ್ಪುತ್ತಾರೆ. ಅದು ಮಗುವಿಗೆ ಇರುವ ಒಂದೇ ಏಣಿ. ಹಳೇ ಪದ್ಧತಿಯಲ್ಲಿ ಹೊಡೆತ ತಪ್ಪು, ತೋಳು ಕೆಡಿಸುವುದು ತಪ್ಪು, ಪಾಠ ತಪ್ಪಿಸುವುದು ತಪ್ಪು. ಆದರೆ ಶಾಲೆಯ ತಂಡವೇ ತಪ್ಪು ಅಂತ ಮಾತ್ರ ಹೇಳಬೇಡಿ.

ಇನ್ನೊಂದು. ಬರೀ ಪ್ರತಿಭೆ ಹುಡುಕಿದರೆ ಆಟ ಬೆಳೆಯುವುದಿಲ್ಲ. 2008ರಲ್ಲಿ ನಮ್ಮ ದೇಶದಲ್ಲೇ ಟಿವಿ ಸ್ಪರ್ಧೆ ಮಾಡಿ ರಿಂಕು ಸಿಂಗ್, ದಿನೇಶ್ ಪಟೇಲ್ ಅವರನ್ನು ಆರಿಸಿ ಅಮೆರಿಕಕ್ಕೆ ಕರೆದುಕೊಂಡು ಹೋದರು. ಇಬ್ಬರೂ ಉತ್ತರ ಪ್ರದೇಶದವರು, ಜಾವೆಲಿನ್ ಎಸೆಯುತ್ತಿದ್ದವರು. ಮೇಜರ್ ಲೀಗ್‌ನ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಜೊತೆ ಕರಾರೂ ಆಯಿತು. ಬಹಳ ದೊಡ್ಡ ವಿಷಯ. ಆದರೆ ಅವರ ಹಿಂದೆ ಆಡುವ ಮಕ್ಕಳ ಸಾಲು ಇರಲಿಲ್ಲ. ಶಾಲೆಯಲ್ಲಿ ಚೆಂಡೇ ಇಲ್ಲದಿದ್ದರೆ ಸಾಲು ಎಲ್ಲಿಂದ ಬರಬೇಕು?

ಶಿಂಚು ಕನ್ನಡಿಗ

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ತೂಕ ಇದೆ. ತೈವಾನ್‌ನ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ನೂರಕ್ಕೆ ಮೂರೂ ಇಲ್ಲ. ಆದರೆ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅವರ ಪಾಲು ಬಹಳ ದೊಡ್ಡದು. ಆಮಿಸ್, ಬುನುನ್, ಪುಯುಮಾ, ಪೈವಾನ್ ಬುಡಕಟ್ಟುಗಳ ಹುಡುಗರಿಗೆ ಆ ದಾರಿ ಕೊಟ್ಟದ್ದು ಶಾಲಾ ತಂಡಗಳೇ. ಪ್ರಾಥಮಿಕ, ಮಾಧ್ಯಮಿಕ, ಹೈಸ್ಕೂಲ್, ಹೀಗೆ ಮೂರು ಮೆಟ್ಟಿಲಿನ ಆ ಪದ್ಧತಿ ಈಗಲೂ ಇದೆ. ಹೈಸ್ಕೂಲ್‌ಗಳಲ್ಲಿ ಕ್ರೀಡಾ ತರಗತಿಗಳೂ ಇವೆ. ಅದನ್ನು ಮುಚ್ಚಬೇಕು ಅಂತ ನಾನು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಸುಮ್ನೆ ಆಡುವ ಮಕ್ಕಳಿಗೂ ಜಾಗ ಸಿಕ್ಕಿತಲ್ಲ, ನನ್ನ ಖುಷಿ ಅದು.

ಹಳೇ ಸ್ಕೋರ್‌ಬುಕ್

ಏಣಿ ಅಂದಿರಿ ಮೇಷ್ಟ್ರೇ, ಅದಕ್ಕೆ ಒಳ್ಳೆ ಉದಾಹರಣೆ ಕುವೊ ಯುವಾನ್-ಚಿ. ತೈತುಂಗ್‌ನ ಆಮಿಸ್ ಹುಡುಗ. 1969ರ ಗೋಲ್ಡನ್ ಡ್ರ್ಯಾಗನ್ಸ್ ತಂಡದಲ್ಲಿದ್ದ. ಆಗ ತೈವಾನ್‌ನಲ್ಲಿ ವೃತ್ತಿಪರ ಲೀಗ್ ಇರಲಿಲ್ಲವಾದ್ದರಿಂದ ಜಪಾನ್‌ಗೆ ಹೋದ. ಚುನಿಚಿ ಡ್ರ್ಯಾಗನ್ಸ್ ಪರ ಆಡಿ 1988ರಲ್ಲಿ ಅಲ್ಲಿನ ಎರಡು ವೃತ್ತಿಪರ ಲೀಗ್‌ಗಳಲ್ಲಿ ಒಂದಾದ ಸೆಂಟ್ರಲ್ ಲೀಗ್‌ನ ಅತ್ಯುತ್ತಮ ಆಟಗಾರ ಆದ. ಅವನಂತೆ ದಾಟಿದವರು ಕೆಲವರೇ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂತು. ವೃತ್ತಿಪರ ಲೀಗ್ ಇದ್ದದ್ದರಿಂದ ಮನೆಯಲ್ಲೇ ಇದ್ದು ಅನ್ನ ಸಂಪಾದಿಸುವ ದಾರಿ ತೆರೆಯಿತು. ಆಮೇಲೆ ಚಿಯೆನ್-ಮಿಂಗ್ ವಾಂಗ್. ನ್ಯೂಯಾರ್ಕ್ ಯಾಂಕೀಸ್ ಪರ 2006ರಲ್ಲಿ 19 ಗೆಲುವು, 2007ರಲ್ಲೂ 19. ಆ ಎರಡು ವರ್ಷ ಇಲ್ಲಿನ ಮಕ್ಕಳು ಪಿಚರ್ ಆಗಲು ಮುಗಿಬಿದ್ದಿರಬೇಕು, ಅಲ್ವಾ?

2024ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಪ್ರೀಮಿಯರ್ 12 (ಹನ್ನೆರಡು ದೇಶಗಳ ಬೇಸ್‌ಬಾಲ್ ಟೂರ್ನಿ) ಫೈನಲ್. ತೈವಾನ್ 4, ಜಪಾನ್ 0. ನಾಯಕ ಚೆನ್ ಚಿಯೆ-ಶಿಯೆನ್ ಮೂರು ರನ್‌ಗಳ ಹೋಮ್ ರನ್ ಹೊಡೆದ. 1931ರಲ್ಲಿ ಕಾನೋ ಹುಡುಗರು 4-0ಯಿಂದ ಸೋತದ್ದು ಜಪಾನ್ ನೆಲದಲ್ಲೇ. ಅದೇ ಅಂಕಿ, ಈ ಸಲ ತಿರುಗಿ ಬಂತು!

ಇಬ್ಬರು ಮಕ್ಕಳ ಅಮ್ಮ

ಕ್ಲಬ್‌ಗೆ ಸೇರಿಸುವ ಮೊದಲು ಒಂದೇ ಚಿಂತೆ. ತೋಳು ಕೆಡುವುದು ಅಂದಿರಲ್ಲ, ಈಗಲೂ ಹಾಗೇನಾ?

ಮೂರನೇ ಬೇಸ್

ಲಿಟಲ್ ಲೀಗ್‌ನಲ್ಲಿ 2007ರಿಂದ ಎಸೆತದ ಲೆಕ್ಕ ಇದೆ ಅಕ್ಕಾ. 11-12 ವರ್ಷದವರಿಗೆ ದಿನಕ್ಕೆ ಗರಿಷ್ಠ 85 ಎಸೆತ. 66 ಅಥವಾ ಅದಕ್ಕಿಂತ ಜಾಸ್ತಿ ಆದರೆ ನಾಲ್ಕು ದಿನ ಪಿಚ್ ಮಾಡುವಂತಿಲ್ಲ. 41 ಅಥವಾ ಅದಕ್ಕಿಂತ ಜಾಸ್ತಿ ಎಸೆದವರನ್ನು ಅದೇ ದಿನ ಆಮೇಲೆ ಕ್ಯಾಚರ್ (ಬ್ಯಾಟ್ ಮಾಡುವವರ ಹಿಂದೆ ಕೂತು ಚೆಂಡು ಹಿಡಿಯುವವ) ಆಗಿ ಕೂರಿಸುವುದೂ ಇಲ್ಲ, ಯಾಕಂದರೆ ಕ್ಯಾಚರ್ ಕೂಡ ಪ್ರತಿ ಎಸೆತಕ್ಕೂ ಚೆಂಡು ವಾಪಸ್ ಎಸೆಯುತ್ತಾನೆ. ನಾನು ಸ್ಕೋರ್ ಬರೆಯುವಾಗ ಕೈಯಲ್ಲಿ ಒತ್ತುವ ಲೆಕ್ಕದ ಗುಂಡಿ ಇರುತ್ತದೆ, ಎರಡೂ ತಂಡದವರು ಇನ್ನಿಂಗ್ಸ್ ಮುಗಿದಾಗ ತಾಳೆ ನೋಡುತ್ತೇವೆ.

ನಿಮ್ಮ ಕ್ಲಬ್ ಲಿಟಲ್ ಲೀಗ್‌ಗೆ ಸೇರಿರದೇ ಇರಬಹುದು. ಹಾಗಾಗಿ ನೇರವಾಗಿ ಕೋಚ್‌ನ್ನೇ ಕೇಳಿ: ಎಸೆತ ಎಣಿಸುತ್ತೀರಾ, ಯಾರು ಬರೆದಿಡುತ್ತಾರೆ, ಪುಸ್ತಕ ತೋರಿಸುತ್ತೀರಾ ಅಂತ. ಎಣಿಸುವುದಿಲ್ಲ ಅಂದರೆ ಬೇರೆ ಕ್ಲಬ್ ನೋಡಿ.

ಎಣಿಕೆ ಬಂದಮೇಲೆ ಆಟವೂ ಬದಲಾಯಿತು. ಒಬ್ಬ ಹುಡುಗ ಇಡೀ ಟೂರ್ನಿ ಹೊತ್ತುಕೊಂಡು ಹೋಗಲಾಗುವುದಿಲ್ಲ. ಐದಾರು ಜನ ಪಿಚರ್ ಬೇಕು. 2024ರ ಫೈನಲ್ ನೆನಪಿದೆಯಾ? ತೈವಾನ್, ಫ್ಲೋರಿಡಾದ ಲೇಕ್ ಮೇರಿ, ಎಂಟು ಇನ್ನಿಂಗ್ಸ್. ಕೊನೆಯಲ್ಲಿ ಫ್ಲೋರಿಡಾದ ಹುಡುಗ ಬಂಟ್ ಮಾಡಿದ, ಅಂದರೆ ಬ್ಯಾಟ್ ಬೀಸದೆ ಚೆಂಡಿಗೆ ಮೆಲ್ಲಗೆ ತಾಗಿಸಿ ಹತ್ತಿರವೇ ಬೀಳಿಸಿದ. ಚೆಂಡೆತ್ತಿ ಮೊದಲ ಬೇಸ್‌ಗೆ ಎಸೆದಾಗ ಅಲ್ಲಿ ಹಿಡಿಯಲು ಯಾರೂ ಇರಲಿಲ್ಲ. 2-1. ಒಂದು ಬಂಟ್‌ಗೆ ಕಪ್ ಹೋಯಿತು. ಮರುವರ್ಷ ಬೇರೆ ಊರಿನ, ಬೇರೆ ಮಕ್ಕಳು ಬಂದು 7-0 ಗೆದ್ದರು. ಸಾಲು ಉದ್ದ ಇದ್ದರೆ ಹೀಗೆ ಆಗುತ್ತದೆ.

ಪಿಟಿ ಮೇಷ್ಟ್ರು

ಆ ರಬ್ಬರ್ ಕಂಬದ ಆಟ ನನ್ನ ಶಾಲೆಯಲ್ಲಿ ಶುರು ಮಾಡಬೇಕು ಅನ್ನಿಸಿದೆ. ಆರು, ಏಳನೇ ತರಗತಿ. ಅಂಗಳ ದೊಡ್ಡದಲ್ಲ, ಒಂದು ಪಕ್ಕ ಬೇವಿನ ಮರ. ಏನೇನು ಬೇಕು, ಎಷ್ಟು ಅಳತೆ?

ಶಿಂಚು ಕನ್ನಡಿಗ

ಲಿಟಲ್ ಲೀಗ್‌ನಲ್ಲಿ ಬೇಸ್‌ನಿಂದ ಬೇಸ್‌ಗೆ 60 ಅಡಿ. ನಿಮ್ಮ ಮಕ್ಕಳಿಗೆ, ಆ ಅಂಗಳಕ್ಕೆ 45-50 ಅಡಿ ಸಾಕು. ನಾಲ್ಕು ಮೂಲೆಗೆ ಹಳೇ ಗೋಣಿ ತಾಟು ಹಾಸಿ, ಆದರೆ ಜಾರದ ಹಾಗೆ ಮಣ್ಣಿಗೆ ಮೊಳೆ ಹೊಡೆದು ತಲೆ ಒಳಗೆ ಹೋಗುವಂತೆ ಬಡಿಯಿರಿ. ಕಂಬಕ್ಕೆ ದಪ್ಪ ರಬ್ಬರ್ ಪೈಪ್ ನಡೆಯುತ್ತದೆ. ಪ್ಲಾಸ್ಟಿಕ್ ಬೇಡ, ಏಟು ಬಿದ್ದರೆ ಒಡೆದು ಚೂರು ಹಾರುತ್ತದೆ. ಬ್ಯಾಟಿಗೆ ಸ್ಪಂಜು ಸುತ್ತಿ ಟೇಪ್ ಹಾಕಿ. ಹೋಮ್ ಪ್ಲೇಟನ್ನು (ನಿಂತು ಹೊಡೆಯುವ ಮೂಲೆ) ಬೇವಿನ ಮರದ ಕಡೆ ಇಡಿ, ಹೊಡೆತ ಖಾಲಿ ಜಾಗಕ್ಕೆ ಹೋಗಲಿ. ಕಾಯುವ ಮಕ್ಕಳಿಗೆ ನೆರಳೂ ಆಯಿತು.

ಹೊಡೆದಮೇಲೆ ಮಕ್ಕಳು ಬ್ಯಾಟ್ ಹಿಂದಕ್ಕೆ ಎಸೆದು ಓಡುತ್ತಾರೆ. ಅದನ್ನು ಮೊದಲ ದಿನವೇ ಬಿಡಿಸಿ. ಬ್ಯಾಟ್ ನೆಲಕ್ಕಿಟ್ಟು ಓಡದಿದ್ದರೆ ಔಟ್ ಅಂತ ನಿಯಮ ಮಾಡಿ. ಎರಡು ಮೆತ್ತನೆ ಚೆಂಡು, ಒಂದು ಕಂಬದ ಸೆಟ್ ನಾನು ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ತರುತ್ತೇನೆ. ಅಲ್ಲಿಯವರೆಗೆ ರಬ್ಬರ್ ಪೈಪ್‌ನಲ್ಲಿ ಶುರು ಮಾಡಿ ಮೇಷ್ಟ್ರೇ.